ಹೊರಗಾಗದ ಹುಡುಗಿ

ಶಿಕಾರಿಪುರದ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ನನಗಿದ್ದ ಬೇಡಿಕೆ ಯಾವ ಅಡುಗೆ ಭಟ್ಟರಿಗೂ ಇರಲಿಲ್ಲ. ಕೈರುಚಿಗಾಗಿ ಅಲ್ಲ, ನನ್ನ ಸಾರಿನಲ್ಲಿ ಉಪ್ಪು ಒಂದು ದಿನ ಮುಂದೆ, ಒಂದು ದಿನ ಹಿಂದೆ. ನಾನು ಹೊರಗಾಗುತ್ತಿರಲಿಲ್ಲ, ಅಷ್ಟೇ ನನ್ನ ಅರ್ಹತೆ. ಮುಟ್ಟಾದ ಹೆಂಗಸು ಮೂರು ದಿನ ಅಡುಗೆಮನೆಗೂ ದೇವರ ಕೋಣೆಗೂ ಕಾಲಿಡದೆ ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂರಬೇಕು ಅನ್ನುವ ನೇಮ ಆ ಬೀದಿಯ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹಬ್ಬದ ಹಿಂದಿನ ದಿನ ಮನೆಯೊಡತಿ ಹೊರಗಾಗಿಬಿಟ್ಟರೆ ಆ ಮನೆಯ ಗಂಡಸರ ಮುಖ ನೋಡಬೇಕು. ಅಂಥ ಹೊತ್ತಿನಲ್ಲಿ ಎಲ್ಲರಿಗೂ ನೆನಪಾಗುತ್ತಿದ್ದವಳು ನಾನು.

ನಾನು ಸೊರಬ ತಾಲ್ಲೂಕಿನ ಜಡೆಯವಳು. ಡಿಗ್ರಿ ಓದಲು ಅಂತ ಶಿಕಾರಿಪುರಕ್ಕೆ ಬಂದು ಚಿಕ್ಕಮ್ಮನ ಮನೆ ಸೇರಿಕೊಂಡಿದ್ದೆ. ಡಿಗ್ರಿ ಅನ್ನುವುದು ಮನೆಯವರಿಗೆ ಹೇಳಿದ ಕಾರಣ, ಬಂದದ್ದು ಓಡುವುದಕ್ಕೆ. ಅಲ್ಲಿನ ಕಾಲೇಜಿನ ಆಟದ ಮೇಷ್ಟ್ರು ಒಮ್ಮೆ ನನ್ನ ಓಟ ನೋಡಿ, "ನೀನು ಐದು ಸಾವಿರ ಮೀಟರಿಗೇ ಹುಟ್ಟಿದವಳು ಕಣಮ್ಮ" ಅಂದಿದ್ದರು. ಆ ವಯಸ್ಸಿನಲ್ಲಿ ಯಾರಾದರೂ ಹಾಗೆ ಅಂದುಬಿಟ್ಟರೆ ಮುಗಿಯಿತು, ಆಮೇಲೆ ಬೇರೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ನನಗಂತೂ ಬೀಳಲಿಲ್ಲ. ಯೂನಿವರ್ಸಿಟಿ ತಂಡ ಸೇರಬೇಕು, ಎದೆಯ ಮೇಲೆ ನಂಬರು ಅಂಟಿಸಿಕೊಂಡು ಬೇರೆ ರಾಜ್ಯಕ್ಕೆ ರೈಲು ಹತ್ತಬೇಕು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಎಷ್ಟೋ ವರ್ಷವಾಗಿದೆ. ಸಮಾಧಾನದಲ್ಲಿದ್ದಾಗ ಅಲ್ಲಿಯವರಂತೆಯೇ "ಬರ್ರಿ, ಕೂಡ್ರಿ" ಅನ್ನುತ್ತಾಳೆ. ಸಿಟ್ಟು ಬಂದರೆ ಮಾತ್ರ "ಎಂತದೇ ಅದು ನಿಂದು" ಅಂತ ಒಳಗಿನ ಸೊರಬ ಎದ್ದು ಬರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅವಳು ಯಾವ ಊರಿನ ಮಾತಾಡುತ್ತಿದ್ದಾಳೆ ಅಂತ ಕೇಳಿಸಿಕೊಂಡು, ಆ ದಿನ ಎಷ್ಟು ದೂರದಲ್ಲಿ ಇರಬೇಕು ಅನ್ನುವುದನ್ನು ನಾನೂ ಚಿಕ್ಕಪ್ಪನೂ ತೀರ್ಮಾನಿಸುತ್ತಿದ್ದೆವು.

ಆ ಮನೆಯ ಇನ್ನೊಂದು ನೇಮ, ದೇವರಿಗೆ ನೈವೇದ್ಯವಾಗುವ ತನಕ ಯಾರ ಬಾಯಿಗೂ ಕಾಫಿ ಬಿಟ್ಟು ಬೇರೇನೂ ಹೋಗಬಾರದು. ಇದು ಎಷ್ಟೋ ಮನೆಗಳಲ್ಲಿದೆ, ದೊಡ್ಡ ವಿಷಯವೇನಲ್ಲ. ಆದರೆ ಆ ಮನೆಗಳಲ್ಲಿ ಪೂಜೆ ಮಾಡುವವರು ನಮ್ಮ ಚಿಕ್ಕಪ್ಪ ಅಲ್ಲವಲ್ಲ. ತಾಲ್ಲೂಕು ಕಚೇರಿಯ ನೌಕರರಾದ ಅವರು ದೇವರ ಮುಂದೆ ಕೂತರೆ ಸರ್ವೆಗೆ ಹೋದವರ ಲೆಕ್ಕ. ಯಾವಾಗ ಎದ್ದು ಬರುತ್ತಾರೆಂದು ಯಾರೂ ಹೇಳಲಾರರು. ಅದಕ್ಕೆ ಮೊದಲು ಪೇಪರು ಓದಬೇಕು, ಪೇಪರಿಗೆ ಮೊದಲು ಹೂವು ಕೊಯ್ಯಬೇಕು, ಹೂವಿಗೆ ಮೊದಲು ಪಕ್ಕದ ಮನೆಯವರ ಜೊತೆ ಹೂವಿನ ಬಗ್ಗೆ ಮಾತಾಡಬೇಕು.

ನಾನೋ, ಇನ್ನೂ ಕತ್ತಲಿರುವಾಗಲೇ ಎದ್ದು ಕೆರೆ ಏರಿಯ ಮೇಲೆ ಓಡಿ, ಬೆವರು ಆರುವ ಮೊದಲೇ ಮನೆಗೆ ಬಂದು, ಸ್ನಾನ ಮಾಡಿ ಮಡಿಬಟ್ಟೆ ಉಟ್ಟು ಒಲೆ ಮುಂದೆ ನಿಲ್ಲುತ್ತಿದ್ದೆ. ಚಿಕ್ಕಮ್ಮನಿಗೆ ಮಂಡಿ ನೋವು, ಹಾಗಾಗಿ ಬೆಳಗಿನ ಅಡುಗೆ ನನ್ನದೇ. ಗಂಟೆ ಅಲ್ಲಾಡುವ ಸದ್ದು ಯಾವಾಗ ಬರುತ್ತದೋ ಅಂತ ಕಾದು ಕಾದು, ಬಂದಾಗ ನೋಡಿದರೆ ಕಾಲೇಜಿಗೆ ಹೊತ್ತಾಗಿರುತ್ತಿತ್ತು. ನಿಂತಲ್ಲೇ ಎರಡು ತುತ್ತು ಅವಲಕ್ಕಿ ಬಾಯಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಹಸಿವು ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೈ ಹಗುರವಾದಷ್ಟೂ ಮೇಷ್ಟ್ರು ಮೆಚ್ಚುತ್ತಿದ್ದರು, ಗಡಿಯಾರವೂ ಮೆಚ್ಚುತ್ತಿತ್ತು. ಮಧ್ಯಾಹ್ನ ಗೆಳತಿಯರ ಡಬ್ಬಿ ತೆರೆದಾಗ ನಾನು ಎರಡು ಲೋಟ ನೀರು ಕುಡಿದು ದೊಡ್ಡ ಸಾಧಕಿಯ ಥರ ಕೂತಿರುತ್ತಿದ್ದೆ.

ಮೊದಲ ವರ್ಷ ಮುಗಿಯುವ ಹೊತ್ತಿಗೆ ನನ್ನ ಮುಟ್ಟು ತಡವಾಗತೊಡಗಿತು. ಆಮೇಲೆ ನಿಂತೇ ಹೋಯಿತು. ಚಿಕ್ಕಮ್ಮನಿಗೆ ಮೊದಲು ಬಂದದ್ದು ಯಾವ ಅನುಮಾನ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ವಾರ ನನ್ನ ಫೋನು ಗುಂಯ್ ಅಂದರೂ ಸಾಕು, ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ಬೆಳಗ್ಗೆ ಕೆರೆ ಏರಿಯ ತನಕ ಹಿಂದೆಯೇ ಬಂದು, ಅಲ್ಲಿ ನಾನು, ಎಮ್ಮೆಗಳು ಮತ್ತು ವಾಕಿಂಗಿಗೆ ಬಂದ ರಿಟೈರ್ಡ್ ಗಂಡಸರು, ಇಷ್ಟು ಬಿಟ್ಟರೆ ಬೇರೆ ಯಾರೂ ಇಲ್ಲದ್ದನ್ನು ಕಣ್ಣಾರೆ ಕಂಡು ವಾಪಸ್ ಹೋದಳು. ನನ್ನ ಹೊಟ್ಟೆ ಬೆನ್ನಿಗೆ ಹತ್ತುತ್ತಾ ಹೋದದ್ದನ್ನು ನೋಡಿ ಅನುಮಾನವನ್ನು ಪೂರ್ತಿ ಬಿಟ್ಟಳು. ಅನುಮಾನ ಹೋದ ಜಾಗಕ್ಕೆ ಆನಂದ ಬಂದು ಕೂತಿತು.

"ಅಕ್ಕಾ, ಓಡೋ ಹುಡುಗೀರಿಗೆ ಅದು ಹಂಗೇ ಅಂತೆ ಕಣೇ," ಅಂತ ಜಡೆಗೆ ಫೋನು ಮಾಡಿ ಅಮ್ಮನಿಗೆ ವರದಿ ಒಪ್ಪಿಸಿದಳು. "ನನಗಂತೂ ದೇವರು ಕಣ್ಣು ಬಿಟ್ಟಂಗಾತು. ತಿಂಗಳು ಪೂರ್ತಿ ಕೈಗೆ ಸಿಗ್ತಾಳೆ."

ಸುದ್ದಿ ಬೀದಿಗೆ ಹೇಗೆ ಹೋಯಿತೋ ನಾನು ಕೇಳಲಿಲ್ಲ. ಎದುರು ಮನೆಯವರು ವರಮಹಾಲಕ್ಷ್ಮಿ ಹಬ್ಬಕ್ಕೆ ನನ್ನನ್ನು ಒಂದು ತಿಂಗಳು ಮುಂಚೆಯೇ ಕಾಯ್ದಿರಿಸಿದರು. ಅವರ ನಂತರ ಕೇಳಿಕೊಂಡು ಬಂದವರಿಗೆ ಚಿಕ್ಕಮ್ಮ, "ಇಲ್ಲ ಬಿಡ್ರೀ, ಅವತ್ತು ಆಗಲೇ ಒಪ್ಪಿಕೊಂಡಾಳೆ. ಮೊದಲೇ ಹೇಳಬಾರದಾ?" ಅಂತ ಲಾರಿ ಬಾಡಿಗೆಗೆ ಬಿಡುವವರ ಗತ್ತಿನಲ್ಲಿ ಹೇಳುತ್ತಿದ್ದಳು. ನನಗೂ ಒಳಗೊಳಗೆ ಜಂಬ. ಚಾಪೆ ಇಲ್ಲ, ಹೊಟ್ಟೆನೋವಿಲ್ಲ, ಓಟ ತಪ್ಪುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾದದ್ದು ಎರಡನೇ ವರ್ಷದಲ್ಲಿ. ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗ. ಊರಿನ ಡಾಕ್ಟರು, "ಎಲ್ಲಾದರೂ ಬಿದ್ದೆಯಾ?" ಅಂದರು. ಬಿದ್ದಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವು ಬಿಡದೆ ಕೆಲವು ವಾರದ ಮೇಲೆ ಮತ್ತೆ ತೆಗೆಸಿದಾಗ ಕೂದಲೆಳೆಯಂಥ ಬಿರುಕು ಕಂಡಿತು. ಓಟ ಬಿಡು ಅಂದರು, ಬಿಟ್ಟೆ. ಹಬ್ಬದ ಅಡುಗೆ ಬಿಡು ಅಂತ ಯಾರೂ ಹೇಳಿರಲಿಲ್ಲ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ಇಡೀ ಬೀದಿಗೆ ಹೋಳಿಗೆ ಬೇಯಿಸಿದ್ದೇನೆ. ನೋವು ಹೋದ ಮೇಲೆ, ಕಳೆದುಹೋದ ದಿನಗಳನ್ನೆಲ್ಲ ಒಂದೇ ವಾರದಲ್ಲಿ ಹಿಡಿಯುವವಳ ಥರ ಮೊದಲಿಗಿಂತ ಹೆಚ್ಚು ಓಡಿದೆ. ಸರಿ, ಬಲಗಾಲಿನ ಪಾದದ ಮೂಳೆ ಸೀಳಿತು.

ಆಗ ಅಮ್ಮ ಜಡೆಯಿಂದ ಬಂದು, ಕುಪ್ಪಗಡ್ಡೆಯ ಕಡೆ ಮೂಳೆಗೆ ಪಟ್ಟು ಹಾಕುವವರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಯಾವುದೋ ಸೊಪ್ಪು ಅರೆದು ಕಟ್ಟಿದರು. ಆ ವಾಸನೆಗೆ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಸೊರಬದ ತನಕ ಖಾಲಿಯೇ ಇತ್ತು. ದೃಷ್ಟಿಯಾಗಿದೆ ಅಂತಲೂ ಅವರೇ ಹೇಳಿದರು. ಚಿಕ್ಕಮ್ಮನಿಗೆ ಆ ಮಾತು ಬಹಳ ಹಿಡಿಸಿತು. ಅವಳು ಸುಟ್ಟ ಒಣಮೆಣಸಿನಕಾಯಿಯ ಘಾಟಿಗೆ ಚಿಕ್ಕಪ್ಪ ಪೇಪರು ಹಿಡಿದುಕೊಂಡೇ ರಸ್ತೆಗೆ ಓಡಿದ್ದರು. ಆ ಮನೆಯಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರನೆಯ ಬಿರುಕು ಮತ್ತೆ ಎಡಗಾಲಿಗೆ, ಯೂನಿವರ್ಸಿಟಿ ತಂಡದ ಆಯ್ಕೆಗೆ ಹತ್ತು ದಿನ ಇದೆ ಅನ್ನುವಾಗ. ಆ ಬೆಳಗ್ಗೆ ಏರಿಯ ಮೇಲೆ ಕೂತುಬಿಟ್ಟೆ. ವಾಕಿಂಗಿನ ಗಂಡಸರೊಬ್ಬರು ಸ್ಕೂಟರಿನಲ್ಲಿ ಮನೆಗೆ ತಂದು ಬಿಟ್ಟರು. ಮೇಷ್ಟ್ರು ಶೂ ಸರಿ ಇಲ್ಲ ಅಂದರು, ಚಿಕ್ಕಪ್ಪ ಏರಿಯ ನೆಲ ಗಟ್ಟಿ ಅಂದರು, ಎದುರು ಮನೆಯವರು ತಣ್ಣೀರಿನ ಸ್ನಾನ ಅಂದರು. ಶೂವೂ ನೆಲವೂ ಸುಳ್ಳಲ್ಲ, ಆಮೇಲೆ ಗೊತ್ತಾಯಿತು. ಆದರೆ ದೊಡ್ಡ ಕಳ್ಳ ಮನೆಯೊಳಗೇ ಇದ್ದ, ನಾವೆಲ್ಲ ಅವನಿಗೆ ದಿನಾ ಕಾಫಿ ಕೊಡುತ್ತಿದ್ದೆವು.

ಕಡೆಗೆ ಚಿಕ್ಕಮ್ಮ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಆಟಗಾರರನ್ನು ನೋಡುವ ಡಾಕ್ಟರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದಾದ ಹೆಂಗಸು. ಚಿಕ್ಕಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಳು. ಡಾಕ್ಟರು ಕಾಲು ಒತ್ತಿ ನೋಡಿದರು, ಏನು ತಿನ್ನುತ್ತೀಯ, ಯಾವಾಗ ತಿನ್ನುತ್ತೀಯ ಅಂತ ಕೇಳಿದರು. ಆಮೇಲೆ, "ಮುಟ್ಟು ಸರಿಯಾಗಿ ಆಗ್ತಿದೆಯಾ?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮನೇ ಉತ್ತರ ಕೊಟ್ಟಳು. "ಆ ಕಾಟನೇ ಇಲ್ಲ ನೋಡ್ರೀ ನಮ್ಮ ಹುಡುಗಿಗೆ! ಎರಡು ವರ್ಷ ಆಗ್ತಾ ಬಂತು. ಒಂದು ಹಬ್ಬಕ್ಕೂ ತೊಂದ್ರೆ ಕೊಟ್ಟಿಲ್ಲ ಡಾಕ್ಟ್ರೇ." ಪರೀಕ್ಷೆಯಲ್ಲಿ ನಾನು ಜಿಲ್ಲೆಗೇ ಮೊದಲು ಬಂದಿದ್ದರೂ ಅವಳ ಮುಖ ಅಷ್ಟು ಅರಳುತ್ತಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ಬಯ್ಯಲಿಲ್ಲ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಚಿಕ್ಕಮ್ಮನಿಗೇ ಹೇಳಿದರು. "ಅಮ್ಮಾ, ದಿನಾ ಓಡುವಾಗ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಬಿರುಕು ಬೀಳ್ತವೆ. ಎಲ್ಲರಿಗೂ ಬೀಳ್ತವೆ. ಊಟ ಮಾಡಿ ನಿದ್ದೆ ಮಾಡಿದಾಗ ದೇಹ ಅದನ್ನ ರಿಪೇರಿ ಮಾಡ್ಕೊಳ್ಳುತ್ತೆ. ಇವಳು ಓಡೋದಕ್ಕೆ ತಕ್ಕಂತೆ ತಿಂತಾ ಇಲ್ಲ. ಊಟ ಸಾಲದೇ ಇದ್ದಾಗ ದೇಹ ಮೊದಲು ನಿಲ್ಲಿಸೋ ಖರ್ಚು ಮುಟ್ಟಿಂದು. ಮುಟ್ಟು ನಿಂತರೆ ಮೂಳೆಗೆ ಬಲ ಕೊಡೋ ಹಾರ್ಮೋನೂ ಕಮ್ಮಿ ಆಗುತ್ತೆ. ನೀವು ಹೇಳ್ತಿರೋ ಎರಡು ವರ್ಷವೂ ಇವಳ ಮೂಳೆ ಸವೆದಿದೆ. ಒಂದು ಸಲ ಬಿರುಕು ಬಿಟ್ಟವರಿಗೆ ಮತ್ತೆ ಬಿಡೋದು ಸುಲಭ."

"ಮಾತ್ರೆ ಕೊಟ್ಟು ಮುಟ್ಟು ಬರಿಸಿ ಹಂಗಾರೆ," ಅಂದಳು ಚಿಕ್ಕಮ್ಮ. ಧ್ವನಿ ಆಗಲೇ ಇಳಿದಿತ್ತು.

"ಬರಿಸಬಹುದು. ಆದರೆ ಅದು ತೋರಿಕೆಗೆ ಬರುತ್ತೆ, ಮೂಳೆ ನಂಬಲ್ಲ. ಊಟದಿಂದಲೇ ಬರಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಬೇರೆ ಕಾಯಿಲೆ ಇಲ್ಲ ಅಂತ ನೋಡೋಕೆ ರಕ್ತ ಪರೀಕ್ಷೆ ಬರೀತೀನಿ. ಅದು ತಾನಾಗಿ ಬಂದು, ತಪ್ಪದೆ ಬರೋಕೆ ಶುರುವಾಗೋ ತನಕ ಓಟ ಬೇಡ. ಮುಂದಿನ ಬಿರುಕು ಸೊಂಟದ ಕೀಲಿನ ಹತ್ತಿರ ಬಿಟ್ಟರೆ ಸ್ಕ್ರೂ ಹಾಕಬೇಕಾಗುತ್ತೆ. ಆಮೇಲೆ ಓಟದ ಮಾತೇ ಇರಲ್ಲ."

ವಾಪಸ್ ಬರುವ ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಊರು ಹತ್ತಿರ ಬಂದಾಗ ಸೊರಬದ ಮಾತಿನಲ್ಲೇ, ಆದರೆ ಸಿಟ್ಟಿಲ್ಲದೆ ಅಂದಳು: "ಎಂತ ಮಾಡಿಬಿಟ್ಟೆನೇ ಕೂಸೆ ನಾನು. ನಿನ್ನ ಮೂಳೆ ಸವೀತಾ ಇದ್ರೆ ನಾನು ಬೀದಿ ತುಂಬಾ ಹೇಳ್ಕೊಂಡು ಕುಣಿದ್ನಲ್ಲೇ." ಅವಳ ಕೈ ಹಿಡಿದುಕೊಂಡೆ. ಓಟ ಹೋದರೆ ನನ್ನ ಹತ್ತಿರ ಏನು ಉಳಿಯುತ್ತದೆ ಅಂತ ಅಷ್ಟು ಹೊತ್ತೂ ಯೋಚಿಸುತ್ತಿದ್ದವಳು ನಾನೂ ಅತ್ತುಬಿಟ್ಟೆ. ಕಂಡಕ್ಟರು ಟಿಕೆಟ್ ನೋಡಲು ಬಂದವನು ಹಾಗೇ ಮುಂದಕ್ಕೆ ಹೋದ.

ಈಗ ನೀವು, ಚಿಕ್ಕಮ್ಮ ಮರುದಿನವೇ ನೇಮವನ್ನೆಲ್ಲ ಗಾಳಿಗೆ ತೂರಿದಳು ಅಂದುಕೊಂಡರೆ ನಿಮಗೆ ನಮ್ಮ ಚಿಕ್ಕಮ್ಮ ಗೊತ್ತಿಲ್ಲ. ನೈವೇದ್ಯಕ್ಕೆ ಮೊದಲು ತಿನ್ನಬಾರದು, ಅದು ಅಲ್ಲಾಡುವ ಮಾತಲ್ಲ. ಹುಡುಗಿ ಎದ್ದ ಕೂಡಲೇ ತಿನ್ನಬೇಕು, ಅದೂ ಅಲ್ಲಾಡುವ ಮಾತಲ್ಲ. ಹಾಗಾಗಿ ಅವಳು ಅಲ್ಲಾಡಿಸಿದ್ದು ದೇವರನ್ನು. ಕೋಳಿ ಕೂಗುವ ಹೊತ್ತಿಗೆ ಚಿಕ್ಕಪ್ಪನನ್ನು ಎಬ್ಬಿಸಿ ಸ್ನಾನಕ್ಕೆ ಅಟ್ಟಿ, ಹಾಲು ಬಾಳೆಹಣ್ಣು ಇಟ್ಟು, "ಸಣ್ಣ ಪೂಜೆ ಮಾಡಿ ಬಿಡ್ರಿ, ದೊಡ್ಡದನ್ನ ಆಮೇಲೆ ಮಾಡ್ಕಳ್ರಿ," ಅಂದಳು.

"ಇಷ್ಟು ಹೊತ್ತಿಗೆ ದೇವರಿಗೂ ಹಸಿವಾಗಲ್ಲ ಕಣೇ," ಅಂದರು ಚಿಕ್ಕಪ್ಪ, ಒದ್ದೆ ಪಂಚೆಯಲ್ಲಿ ನಡುಗುತ್ತಾ.

"ದೇವರಿಗೆ ಆಗಲ್ಲ, ಹುಡುಗಿಗೆ ಆಗ್ತದೆ. ಗಂಟೆ ಅಲ್ಲಾಡಿಸ್ರಿ."

ಗಂಟೆ ಅಲ್ಲಾಡಿದ ಕೂಡಲೇ ನನ್ನ ಮುಂದೆ ತಟ್ಟೆ. ಹಾಲು, ಬಾಳೆಹಣ್ಣು, ಬೆಣ್ಣೆ ಹಾಕಿದ ರೊಟ್ಟಿ, ಮತ್ತೆ ದೊಡ್ಡ ಪೂಜೆಯಾದ ಮೇಲೆ ತಿಂಡಿ, ಡಬ್ಬಿಗೆ ಅನ್ನ ಮೊಸರು, ಚೀಲದ ಮೂಲೆಯಲ್ಲಿ ಶೇಂಗಾ ಬೆಲ್ಲ. ಬೀದಿಯ ಅಡುಗೆಗಳನ್ನೆಲ್ಲ ಅವಳೇ ರದ್ದು ಮಾಡಿದಳು. ಕೇಳಲು ಬಂದವರಿಗೆ, "ಇಲ್ಲ ರೀ, ಹುಡುಗಿ ರಿಪೇರಿಗೆ ಹೋಗ್ಯಾಳೆ," ಅನ್ನುತ್ತಿದ್ದಳು. ನಾನು ಅಲ್ಲೇ ಪಕ್ಕದಲ್ಲಿ ರೊಟ್ಟಿ ತಿನ್ನುತ್ತಾ ಕೂತಿರುತ್ತಿದ್ದೆ.

ಬೆಳಗ್ಗೆ ನಾನು ಬಚ್ಚಲುಮನೆಯಿಂದ ಹೊರಬಂದರೆ ಬಾಗಿಲಲ್ಲೇ ಚಿಕ್ಕಮ್ಮ. ಬಾಯಿ ಬಿಟ್ಟು ಕೇಳುವುದಿಲ್ಲ, ಹುಬ್ಬು ಎತ್ತುತ್ತಾಳೆ. ನಾನು ಇಲ್ಲ ಅಂತ ತಲೆಯಾಡಿಸುತ್ತೇನೆ. ಅತ್ತ ಚಿಕ್ಕಪ್ಪ ಪೇಪರಿನ ಹಿಂದೆ ಉಸಿರು ಬಿಗಿಹಿಡಿದಿರುತ್ತಾರೆ. ಬೇಸಿಗೆ ಬಂದು ಹೋಯಿತು, ಮಳೆ ಹಿಡಿಯಿತು, ಅದು ಮಾತ್ರ ಬರಲಿಲ್ಲ. ಬಿರುಕು ಕೂಡಿಕೊಂಡಿತ್ತು, ನೋವಿರಲಿಲ್ಲ. ಆಯ್ಕೆ ನಾನಿಲ್ಲದೆ ಮುಗಿದು, ತಂಡ ರೈಲು ಹತ್ತಿ ಹೋಗಿಯೂ ಆಗಿತ್ತು. ಮೈ ತುಂಬಿಕೊಂಡದ್ದನ್ನು ನೋಡಿ ಎದುರು ಮನೆಯವರು, "ಏನವ್ವ, ಮದುವೆ ಗೊತ್ತಾತೇನು? ಕಳೆ ಬಂದೈತಲ್ಲ!" ಅಂದಾಗ ಅವರ ಕಾಂಪೌಂಡಿನ ದಾಸವಾಳವನ್ನೆಲ್ಲ ಕಿತ್ತು ಎಸೆಯಬೇಕು ಅನ್ನಿಸಿತು. ನನ್ನ ಹಳೆಯ ಪ್ಯಾಂಟು ತೊಡೆಗೆ ಹತ್ತುತ್ತಿರಲಿಲ್ಲ. ಇಷ್ಟು ತಿಂದೂ ಬರದಿದ್ದರೆ? ಬರುವುದೇ ಇಲ್ಲ ಅಂತಾದರೆ?

ಒಂದು ಬೆಳಗ್ಗೆ ತಡೆಯಲಾಗಲಿಲ್ಲ. ಶೂ ಕಟ್ಟಿಕೊಂಡು ಸದ್ದಿಲ್ಲದೆ ಬಾಗಿಲ ಹತ್ತಿರ ಬಂದರೆ, ಚಿಕ್ಕಮ್ಮ ಹೊಸ್ತಿಲ ಮೇಲೆ ಅಡ್ಡ ಕೂತಿದ್ದಾಳೆ. ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರ ಅಂತ ನನಗೆ ಚಿಕ್ಕಂದಿನಲ್ಲಿ ಬೆನ್ನಿಗೆ ಗುದ್ದಿ ಕಲಿಸಿದವಳೇ ಅವಳು.

"ಓಡ್ತೀಯಾ? ಓಡು. ನನ್ನ ದಾಟ್ಕಂಡು ಓಡು," ಅಂದಳು.

ಹಿರಿಯರನ್ನು ದಾಟುವುದುಂಟೇ! ಅದು ಅವಳಿಗೂ ಗೊತ್ತು, ಅದಕ್ಕೇ ಕೂತದ್ದು. ನನಗೆ ಎಲ್ಲಿತ್ತೋ ಸಿಟ್ಟು. "ನಿನಗೇನು ಗೊತ್ತು ಚಿಕ್ಕಮ್ಮ? ನನಗೆ ಓಡೋದು ಬಿಟ್ಟು ಬೇರೇನೂ ಬರಲ್ಲ. ಬರೀ ತಿಂದುಕೊಂಡು ಬಚ್ಚಲಲ್ಲಿ ಕಾಯೋದೇನಾ ಜೀವನ?" ಅಂತ ಕಿರುಚಿದೆ.

"ನಂಗೆ ನಿನ್ನ ಓಟ ಗೊತ್ತಿಲ್ಲ ಮಾರಾಯ್ತಿ," ಅಂದಳು. "ಆವತ್ತು ನಿನ್ನ ಸ್ಕೂಟರ್‌ನಿಂದ ಇಳಿಸ್ಕಂಡಿದ್ದು ಗೊತ್ತು. ಇನ್ನೊಂದ್ಸಲ ಹಂಗೆ ಇಳಿಸ್ಕಳೋ ಶಕ್ತಿ ನಂಗಿಲ್ಲ. ನಂಗೆ ಹೆದರಿಕೆ ಆಗ್ತದೆ." ಅಷ್ಟು ಹೇಳಿ, ಎದ್ದು ನಿಲ್ಲಲು ಕೈ ಚಾಚಿದಳು. ನಾನು ಎಬ್ಬಿಸಿದೆ. ಶೂ ಬಿಚ್ಚಿ ಒಳಗೆ ಹೋಗಿ ರೊಟ್ಟಿ ತಿಂದೆ.

ಬಂದದ್ದು ಗೌರಿ ಹಬ್ಬದ ಬೆಳಗ್ಗೆ.

ಇದನ್ನು ಹೇಗೆ ಹೇಳಲಿ. ಬೇರೆ ಯಾವ ದಿನವಾದರೂ ಬರಬಹುದಿತ್ತು. ಹೂರಣ ರುಬ್ಬಿ ಆಗಿತ್ತು, ಹೋಳಿಗೆ ತಟ್ಟುವವಳು ನಾನು. ಬಾಗಿನ ತೆಗೆದುಕೊಳ್ಳಲು ಬೀದಿಯ ಮುತ್ತೈದೆಯರು ರೇಷ್ಮೆ ಸೀರೆ ಉಟ್ಟು ಪಡಸಾಲೆಯಲ್ಲಿ ಬಂದು ಕೂತಿದ್ದರು. ಬಚ್ಚಲಿನಲ್ಲಿ ನಾನು ಎರಡು ಮೂರು ಸಲ ನೋಡಿದೆ, ನಂಬಿಕೆ ಬರಲಿಲ್ಲ. ಹೊರಗೆ ಬಂದರೆ ಆ ದಿನದ ಗಡಿಬಿಡಿಯಲ್ಲಿ ಬಾಗಿಲಲ್ಲಿ ಚಿಕ್ಕಮ್ಮನೂ ಇಲ್ಲ. ಹಿಂದಿನ ಅಂಗಳದಿಂದ ಸುತ್ತಿ ಬಂದು, ಅಡುಗೆಮನೆಯ ಹಿತ್ತಿಲ ಬಾಗಿಲಿನ ಹೊರಗೆ ನಿಂತು, "ಚಿಕ್ಕಮ್ಮಾ, ನಾನು ಹೊರಗಾದೆ," ಅಂದೆ.

ನನ್ನ ಧ್ವನಿ ಪಡಸಾಲೆಗೂ ಹೋಗಿರಬೇಕು. "ಅಯ್ಯೋ, ಹಬ್ಬದ ದಿನಾನೇ ಆಗ್ಬೇಕಾ, ಪಾಪ!" ಅಂತ ಎದುರು ಮನೆಯವರು ಅಂದದ್ದು ಕೇಳಿಸಿತು.

ಚಿಕ್ಕಮ್ಮ ಮಡಿಸೀರೆಯಲ್ಲಿದ್ದಳು. ಕೈಯಲ್ಲಿ ಹೂರಣದ ಉಂಡೆ. ನನ್ನನ್ನೇ ನೋಡಿದಳು. "ಹೌದಾ?" ಅಂದಳು. "ಹೌದು" ಅಂದೆ. ಉಂಡೆಯನ್ನು ಅಲ್ಲೇ ಬಿಟ್ಟು ಬಾಗಿಲು ದಾಟಿ ಬಂದು, ಮಡಿಯಲ್ಲೇ, ಹೂರಣದ ಕೈಯಲ್ಲೇ ನನ್ನ ಕೆನ್ನೆ ಎರಡನ್ನೂ ಹಿಡಿದು ನೆಟಿಕೆ ಮುರಿದಳು. ಒಳಗೆ ಯಾರೋ "ರೀ, ಮೈಲಿಗೆ!" ಅಂದರು. "ಆಗ್ಲಿ ಬಿಡ್ರೀ, ಮತ್ತೆ ಸ್ನಾನ ಮಾಡ್ತೀನಿ, ನೀರಿಗೆ ಬರ ಬಂದಿಲ್ಲ," ಅಂದಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಆಮೇಲೆ, ನೇಮ ನೇಮವೇ ನೋಡಿ, ನನಗೆ ಚಾಪೆ ತೋರಿಸಿ ಸ್ನಾನಕ್ಕೆ ನಡೆದಳು.

ಅವತ್ತು ಪೂಜೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಹೋಳಿಗೆಯನ್ನೆಲ್ಲ ಅವಳೊಬ್ಬಳೇ ತಟ್ಟಿದಳು, ಮುತ್ತೈದೆಯರು ಆಕಳಿಸಿಕೊಂಡು ಕಾದರು. ಹಿಂದಿನ ಜಗಲಿಯಲ್ಲಿ ಕೂತ ನನಗೆ ದೇವರು ಕಾಣಿಸುತ್ತಿರಲಿಲ್ಲ, ಮಾತು ಕೇಳಿಸುತ್ತಿತ್ತು. ಮಂಗಳಾರತಿ ಆದ ಮೇಲೆ ಎಲ್ಲರೂ ಒಳಗೊಳಗೆ ಬೇಡಿಕೊಳ್ಳುವ ಆ ಒಂದು ಕ್ಷಣ ಇರುತ್ತದಲ್ಲ, ಮನೆ ಸುಮ್ಮನಾಯಿತು. ಚಿಕ್ಕಮ್ಮ ಮಾತ್ರ ಗಟ್ಟಿಯಾಗಿಯೇ ಬೇಡಿಕೊಂಡಳು.

"ತಾಯೀ, ಮುಂದಿನ ತಿಂಗಳೂ ನಮ್ಮ ಹುಡುಗೀನ ಹೊರಗೆ ಕೂರಿಸಮ್ಮ. ಯಾವ ಹಬ್ಬ ಇದ್ರೂ ಅಡ್ಡಿಲ್ಲ. ತಪ್ಪಿಸಬೇಡ."

ಗೌರಿಗೆ ಅಂಥ ಕೋರಿಕೆ ಯಾವತ್ತಾದರೂ ಬಂದಿತ್ತೋ ಇಲ್ಲವೋ. ಎದುರು ಮನೆಯವರೇ ಮೊದಲು, "ಹಂಗೇ ಆಗ್ಲಿ ತಾಯಿ," ಅಂದರು. ಇನ್ನೊಬ್ಬರೂ ಹಾಗೇ ಅಂದರು. ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನಾನು ಮುಟ್ಟಾಗಲಿ ಅಂತ ದೇವರಲ್ಲಿ ಬೇಡಿಕೊಂಡರು. ಚಾಪೆಯ ಮೇಲೆ ಮಂಡಿಗೆ ಮುಖ ಒತ್ತಿಕೊಂಡು ನಾನು ಬಿಕ್ಕಿ ಬಿಕ್ಕಿ ಅತ್ತೆ.

ಗೌರಿ ಮಾತು ನಡೆಸಿಕೊಟ್ಟಳು. ಮುಂದಿನ ತಿಂಗಳು ಸರಿಯಾಗಿ ಮಹಾಲಯ ಅಮಾವಾಸ್ಯೆಗೆ, ಅದರ ಮುಂದಿನ ತಿಂಗಳು ದೀಪಾವಳಿಗೆ. ಎರಡೂ ದಿನ ಚಿಕ್ಕಮ್ಮ ಒಬ್ಬಳೇ ಅಡುಗೆ ಮಾಡಿದಳು. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ನನ್ನನ್ನು ಓಡಲು ಬಿಟ್ಟರು.